ವಿಮಾನಕ್ಕಿಟ್ಟ ಬೊಟ್ಟು

ನಮ್ಮ ಪ್ರೀತಿ ವಿಮಾನ ಓಡಿಸುತ್ತಾಳೆ ಎಂದರೆ ನಂಬದವರು ಮೈಸೂರು ಪಕ್ಕದ ಹಿನಕಲ್‌ನಲ್ಲಿ ಇನ್ನೂ ಇದ್ದಾರೆ. ವಿಮಾನದಲ್ಲಿ ತಿಂಡಿ, ನೀರು ಕೊಡುವ ಕೆಲಸ ಇದ್ದೀತು, ಮನೆಯವರು ದೊಡ್ಡದು ಮಾಡಿ ಹೇಳುತ್ತಾರೆ ಎಂದು ಹಾಲಿನ ಬೂತಿನ ಮುಂದೆ ಇಬ್ಬರು ಮಾತಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಕೇಳಿಯೂ ಕೇಳದವಳಂತೆ ಬರುವ ಜಾಯಮಾನ ನನ್ನದಲ್ಲ. ಸರ್ಕಾರಿ ಶಾಲೆಯಲ್ಲಿ ಆಯುಷ್ಯವೆಲ್ಲ ಮಕ್ಕಳನ್ನು ಗದರಿಸಿ ನಿವೃತ್ತಳಾದವಳು. ಅವರಿಬ್ಬರ ಗ್ರಹಚಾರ ಬಿಡಿಸಿಯೇ ಹಾಲು ತಂದೆ.

ಪ್ರೀತಿ ನನ್ನ ನಾದಿನಿ ಮಂಚಮ್ಮನ ಮಗಳು. ನನ್ನ ಯಜಮಾನರು ಸಿದ್ದಪ್ಪಾಜಿ ಅವಳಿಗೆ ಸೋದರಮಾವ. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಾಗಾಗಿ ಅವಳು ಅಲ್ಲಿ ಹುಟ್ಟಿ ಇಲ್ಲಿ ಬೆಳೆದಳು. ಹುಡುಗಿಗೆ ಎಲ್ಲ ಇತ್ತು, ಬಾಯಿ ಒಂದಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ವಿಜಯನಗರದ ಗೆಳತಿಯೊಬ್ಬಳ ಮನೆಗೆ ಹೋಗಿದ್ದಳು. ಆ ಗೆಳತಿಯ ತಾಯಿ ಸಕ್ಕರೆ ಎಂದುಕೊಂಡು ಕಾಫಿಗೆ ಉಪ್ಪು ಹಾಕಿ ಕೊಟ್ಟಿದ್ದಾರೆ. ಇವಳು ಲೋಟ ಪೂರ್ತಿ ಖಾಲಿ ಮಾಡಿ, ಚೆನ್ನಾಗಿತ್ತು ಆಂಟಿ ಎಂದು ಹೇಳಿ ಬಂದಳು. ಮನೆಯಲ್ಲಿ ವಾಂತಿ ಮಾಡಿಕೊಂಡಾಗಲೇ ನಮಗೆ ಗೊತ್ತಾದದ್ದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಂಚಮ್ಮ ಮಾತ್ರ, ನನ್ನ ಮಗಳು ದೊಡ್ಡವರಿಗೆ ಎದುರು ಮಾತಾಡುವವಳಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮನೆಯಲ್ಲಿ ಕಲಿಸಿದ್ದೂ ಅದನ್ನೇ. ನಮ್ಮ ಹಿಂದಿನವರು ಊರ ಹೊರಗಿನ ಕೇರಿಯಲ್ಲಿ ಬಾಳಿದವರು. ಎದುರು ಮಾತಾಡಿದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಊರೇ ನಗರದೊಳಗೆ ಸೇರಿಹೋಗಿದೆ, ರಿಂಗ್ ರೋಡ್ ಬಂದಿದೆ, ಮನೆಯ ಮೇಲೆ ಮನೆ ಎದ್ದಿದೆ. ಆದರೂ ‘ನಮಗ್ಯಾಕೆ, ಸುಮ್ಕಿರು’ ಎನ್ನುವ ಮಾತು ಮಾತ್ರ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ.

ಅವಳಪ್ಪ ಶಿವರಾಮು ಸಿಟಿ ಬಸ್ ಡ್ರೈವರ್. ಬೇರೆಯವರು ಓಡಿಸುವ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತಾಗ ಅವನು ಪಡುವ ಹಿಂಸೆಯನ್ನು ನೋಡಬೇಕು. ತಿರುವು ಬಂದರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಹಲ್ಲು ಕಚ್ಚುತ್ತಾನೆ, ಆದರೆ ತುಟಿ ಬಿಚ್ಚುವುದಿಲ್ಲ. “ಸ್ಟೇರಿಂಗ್ ಹಿಡ್ದೋನ್ಗೆ ಇನ್ನೊಬ್ಬ ಡ್ರೈವರ್ ಬುದ್ಧಿ ಹೇಳ್ಬಾರ್ದು ಕಣಕ್ಕ. ಅದು ನಮ್ಮೊಳ್ಗಿನ ಮರ್ವಾದೆ” ಎನ್ನುತ್ತಾನೆ.

ಇಂಥ ಮನೆಯ ಹುಡುಗಿ ಓದಿನ ಬಲದಿಂದ ಸರ್ಕಾರದ ತರಬೇತಿಗೆ ಆಯ್ಕೆಯಾಗಿ ಪೈಲಟ್ ಆದಳು. ಈಗ ಒಂದು ಖಾಸಗಿ ಕಂಪನಿಯ ವಿಮಾನದಲ್ಲಿ ಬಲಗಡೆ ಸೀಟಿನಲ್ಲಿ ಕೂರುವ ಕೋಪೈಲಟ್. ಎಡಗಡೆ ಸೀಟು ಕ್ಯಾಪ್ಟನ್ನಿನದು. ಆ ಸೀಟಿಗೆ ಹೋಗಲು ಒಂದು ಪರೀಕ್ಷೆ ಇದೆ, ಅದು ಈ ಸಲದ ದಸರಾ ಮುಗಿದ ಮರುವಾರಕ್ಕೆ ನಿಗದಿಯಾಗಿತ್ತು. ಪರೀಕ್ಷೆ ಮಾಡುವವರು ಕ್ಯಾಪ್ಟನ್ ಲಕ್ಷ್ಮೀನರಸಿಂಹ. ನಮ್ಮ ಮೈಸೂರಿನವರೇ, ದಟ್ಟಗಳ್ಳಿಯಲ್ಲಿ ಮನೆ. ಬಹಳ ಶಿಸ್ತಿನ ಮನುಷ್ಯ, ಅವರ ಪಕ್ಕದಲ್ಲಿ ಕೂತರೆ ಕೆಮ್ಮುವುದಕ್ಕೂ ಹುಡುಗರು ಯೋಚಿಸುತ್ತಾರೆ ಎಂದು ಪ್ರೀತಿ ಹೇಳಿದ್ದಳು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಆ ಪರೀಕ್ಷೆಗೆ ಓದುತ್ತಿದ್ದಳು. ಅವಳು ಕ್ಯಾಪ್ಟನ್ ಆದರೆ ನಮ್ಮ ಬೀದಿಗೆಲ್ಲ ಹೋಳಿಗೆ ಹಾಕಿಸುತ್ತೇನೆಂದು ಯಜಮಾನರು ಊರೆಲ್ಲ ಸಾರಿಬಿಟ್ಟಿದ್ದರು.

ಪೈಲಟ್‌ಗಳು ಪ್ರಯಾಣಿಕರಾಗಿಯೂ ಹಾರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ಹೈದರಾಬಾದಿನಿಂದ ವಿಮಾನ ಓಡಿಸಬೇಕಾದರೆ ಇವತ್ತೇ ಅಲ್ಲಿಗೆ ಹೋಗಿ ಸೇರಬೇಕಲ್ಲ? ಕಂಪನಿಯೇ ತನ್ನ ವಿಮಾನದಲ್ಲಿ ಸೀಟು ಕೊಟ್ಟು ಕಳಿಸುತ್ತದೆ. ಯೂನಿಫಾರಂ ಹಾಕಿಕೊಂಡು ನಮ್ಮ ನಿಮ್ಮಂಥವರ ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಕೂರುತ್ತಾರೆ.

“ಆಗ ನಿನಗೇನು ಕೆಲಸ?” ಎಂದು ಒಮ್ಮೆ ಕೇಳಿದ್ದೆ.

“ಕೆಲಸ ಇಲ್ಲ ಅತ್ತೆ. ಆದ್ರೆ ಕಣ್ಣು ಕಿವಿ ತೆರೆದಿಟ್ಕೊಂಡು ಕೂತಿರ್ಬೇಕು. ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ತಕ್ಷಣ ಹೇಳ್ಬೇಕು. ಮಾಮೂಲಿ ಪ್ಯಾಸೆಂಜರ್‌ಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತಲ್ಲ.”

“ಎಲ್ಲಾರೂ ಹೇಳ್ತಾರಾ?”

“ಕಷ್ಟ ಅತ್ತೆ. ಓಡಿಸ್ತಿರೋರು ಹಿರಿಯರಾಗಿರ್ತಾರೆ. ಅವರ ಕೆಲಸದಲ್ಲಿ ಮೂಗು ತೂರಿಸ್ದಂಗೆ ಆಗುತ್ತೆ ಅಂತ ಬಾಯಿ ಮುಚ್ಕೊಂಡು ಕೂತ್ಬಿಡ್ತಾರೆ” ಎಂದಳು. ಅಪ್ಪನ ಬಸ್ಸಿಗೂ ಮಗಳ ವಿಮಾನಕ್ಕೂ ಇಷ್ಟೇನಾ ವ್ಯತ್ಯಾಸ ಎಂದು ನನಗೆ ಆಗಲೇ ಸಿಟ್ಟು ಬಂದಿತ್ತು.

ಈ ವರ್ಷ ಆಯುಧಪೂಜೆಯ ದಿನ ಅವಳು ಹೀಗೆಯೇ ಹೈದರಾಬಾದಿಗೆ ಹೊರಟಿದ್ದಳು. ನಾನು ಜೀವಮಾನದಲ್ಲಿ ವಿಮಾನ ಹತ್ತಿದವಳಲ್ಲ. ಬನ್ನಿ ಅತ್ತೆ, ಚಾರ್ಮಿನಾರ್ ತೋರಿಸಿಕೊಂಡು ಬರುತ್ತೇನೆ ಎಂದು ನನಗೂ ಒಂದು ಟಿಕೆಟ್ ಮಾಡಿಸಿದಳು. ಬೆಳಿಗ್ಗೆ ಮನೆಯಲ್ಲಿ ಸ್ಕೂಟರಿಗೆ, ಈಳಿಗೆಮಣೆಗೆ, ಶಿವರಾಮುವಿನ ಬಸ್ಸಿನ ಕೀಲಿಗೆ, ಪ್ರೀತಿಯ ಟೋಪಿಗೂ ಬೊಟ್ಟಿಟ್ಟು ಪೂಜೆ ಆಯಿತು. ಯಜಮಾನರು ನಮಗಿಂತ ಮೊದಲೇ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟರು.

ಅವರ ಕೆಲಸವೂ ವಿಮಾನದ್ದೇ, ಆದರೆ ನೆಲದ ಮೇಲಿನದು. ಒಬ್ಬ ಗುತ್ತಿಗೆದಾರನ ಕೈಕೆಳಗೆ ವಿಮಾನಕ್ಕೆ ಸಾಮಾನು ತುಂಬುವುದು, ಇಳಿಸುವುದು, ನಿಂತ ವಿಮಾನದ ಚಕ್ರಕ್ಕೆ ಅಡ್ಡಗಟ್ಟೆ ಕೊಡುವುದು. ಅವರ ತಂಡದಲ್ಲಿ ವಯಸ್ಸಾದವರು ಅವರೊಬ್ಬರೇ, ಹಾಗಾಗಿ ಆಯುಧಪೂಜೆಯ ಯಜಮಾನಿಕೆ ಅವರದೇ. ಆದರೆ ವಿಮಾನಕ್ಕೆ ಪೂಜೆ ಮಾಡುವುದು ಲಾರಿಗೆ ಮಾಡಿದಷ್ಟು ಸುಲಭವಲ್ಲ. ಕರ್ಪೂರ ಹಚ್ಚುವಂತಿಲ್ಲ, ಪಕ್ಕದಲ್ಲೇ ಇಂಧನದ ಟ್ಯಾಂಕರ್ ನಿಂತಿರುತ್ತದೆ. ಕುಂಬಳಕಾಯಿ ಒಡೆಯುವಂತಿಲ್ಲ, ಚೂರುಗಳು ಎಂಜಿನ್ನಿಗೆ ಸೇರಿಕೊಂಡಾವು. ಹಾರ ಹಾಕುವಂತಿಲ್ಲ, ನಿಂಬೆಹಣ್ಣು ಇಡುವಂತಿಲ್ಲ. ಎಲ್ಲ ಬೇಡ ಬೇಡ ಎಂದ ಮೇಲೆ ಉಳಿದದ್ದು ಬೊಟ್ಟು ಒಂದೇ. ಅದನ್ನಾದರೂ ಲಕ್ಷಣವಾಗಿ ಇಡುತ್ತೇನೆಂದು ಹೇಳಿ ಹೋಗಿದ್ದರು.

ಮಧ್ಯಾಹ್ನ ನಾವು ಹೋದೆವು. ಪ್ರೀತಿಯ ಜೊತೆಗೆ ಅದೇ ಯೂನಿಫಾರಂ ತೊಟ್ಟ ಇನ್ನೊಬ್ಬ ಪೈಲಟ್ ಇದ್ದ. ವಿಜಯ್‌ಕುಮಾರ್ ಅಂತ, ಅವನೂ ಹೈದರಾಬಾದಿಗೆ ಡ್ಯೂಟಿಗೆ ಹೊರಟವನು. ಮೈಸೂರಿನಲ್ಲಿ ವಿಮಾನದವರೆಗೆ ನಡೆದುಕೊಂಡೇ ಹೋಗಬೇಕು. ಎರಡು ರೆಕ್ಕೆಗೂ ದೊಡ್ಡ ಫ್ಯಾನ್ ಇರುವ, ನಾನೆಣಿಸಿದ್ದಕ್ಕಿಂತ ಚಿಕ್ಕ ಬಿಳಿಯ ವಿಮಾನ ನಿಂತಿತ್ತು. ಅದರ ಮೂತಿಯ ಪಕ್ಕದಲ್ಲಿ, ಪೈಲಟ್ ಕೂರುವ ಕಿಟಕಿಯ ಕೆಳಗೆ, ಅಂಗೈ ಅಗಲ ಅರಿಶಿನ, ಅದರ ನಡುವೆ ಕೆಂಪು ಕುಂಕುಮ. ನೂರು ಹೆಜ್ಜೆ ದೂರಕ್ಕೂ ಕಾಣುವಂತಿತ್ತು. ನನ್ನ ಯಜಮಾನರು ಇಟ್ಟ ಬೊಟ್ಟು! ನಡೆದು ಹೋಗುವವರೆಲ್ಲ ಒಂದು ಕ್ಷಣ ನಿಂತು ಕೈಮುಗಿಯುತ್ತಿದ್ದರು. ನಾನೂ ಮುಗಿದೆ. ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋಗಿ ಕಾವಲಿನವನಿಂದ ಬೈಸಿಕೊಂಡರು.

ಪ್ರೀತಿ ಮಾತ್ರ ನಿಂತಲ್ಲೇ ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಏನಾಯ್ತು ಮಗಾ?” ಎಂದೆ.

“ಏನಿಲ್ಲ ಅತ್ತೆ” ಎಂದಳು. ಅವಳು ವಿಜಯ್‌ಕುಮಾರನನ್ನು ನೋಡಿದಳು. ಅವನೂ ಆ ಬೊಟ್ಟಿನ ಕಡೆಯೇ ನೋಡುತ್ತಿದ್ದವನು ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿ, ಬಾ ಬಾ, ಹಿಂದೆ ಜನ ನಿಂತಿದ್ದಾರೆ ಎಂದು ಮೆಟ್ಟಿಲ ಕಡೆ ನಡೆದ.

ಒಳಗೆ ಕಿಟಕಿಯ ಸೀಟು ನನಗೆ, ಪಕ್ಕದಲ್ಲಿ ಪ್ರೀತಿ, ನಡುವಿನ ಓಣಿ ದಾಟಿ ಆ ಕಡೆ ವಿಜಯ್‌ಕುಮಾರ್. ನಾನು ಬೆಲ್ಟಿನ ಜೊತೆ ಗುದ್ದಾಡುತ್ತಿದ್ದರೆ ಅವರಿಬ್ಬರೂ ಪಿಸುಗುಡಲು ಶುರು ಮಾಡಿದರು.

“ನೀನೂ ನೋಡ್ದೆ ತಾನೆ?” ಎಂದಳು ಪ್ರೀತಿ.

“ನೋಡ್ದೆ. ಪಕ್ಕದಲ್ಲಿ ಇಟ್ಟಿರ್ತಾರೆ ಬಿಡು. ದೂರದಿಂದ ಹಂಗೆ ಕಾಣುತ್ತೆ.”

“ಪಕ್ಕದಲ್ಲಲ್ಲ, ಅದರ ಮೇಲೇ ಇದೆ.”

“ಇದ್ರೆ ಲಕ್ಷ್ಮೀನರಸಿಂಹ ಸರ್ ಕೆಳಗಿಳಿದು ವಿಮಾನ ಚೆಕ್ ಮಾಡೋಕೆ ಸುತ್ತು ಹಾಕಿದಾಗ ನೋಡಿರ್ತಾರೆ. ಅವರ ಕಣ್ಣಿಗೆ ಬೀಳ್ದೆ ಇರುತ್ತಾ?”

ಕ್ಯಾಪ್ಟನ್ ಲಕ್ಷ್ಮೀನರಸಿಂಹ ಇದೇ ವಿಮಾನ ಓಡಿಸುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ.

“ಅವ್ರು ಸುತ್ತು ಹಾಕಿದ ಮೇಲೆ ಇಟ್ಟಿದ್ರೆ?” ಎಂದಳು ಪ್ರೀತಿ.

ಅವನು ಇನ್ನೂ ತಗ್ಗಿದ ದನಿಯಲ್ಲಿ, “ನೋಡು, ಇದು ನಮ್ಮ ಫ್ಲೈಟ್ ಅಲ್ಲ. ಮುಂದಿನ ವಾರ ನಿನ್ನ ಪರೀಕ್ಷೆ ಇರೋದು ಅವರ ಹತ್ರಾನೇ. ನೀವು ಸರಿಯಾಗಿ ನೋಡಿಲ್ಲ ಸರ್ ಅಂತ ಇಷ್ಟು ಜನರ ಮುಂದೆ ಹೇಳ್ತೀಯಾ? ಹೇಳಿ ಅದು ಸುಮ್ನೆ ಪಕ್ಕದಲ್ಲಿಟ್ಟ ಬೊಟ್ಟು ಅಂತ ಆದ್ರೆ?” ಎಂದ.

ನನಗೆ ತಡೆಯಲಾಗಲಿಲ್ಲ. ಏನು ನಿಮ್ಮ ಗುಸುಗುಸು ಎಂದೆ. ಆಗ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

“ಅತ್ತೆ, ಆ ಜಾಗದಲ್ಲಿ ಹೊಳೆಯೋ ಒಂದು ಬಿಲ್ಲೆ ಇದೆ, ಸ್ಟ್ಯಾಟಿಕ್ ಪೋರ್ಟ್ ಅಂತಾರೆ. ಅದರಲ್ಲಿ ಸೂಜಿಯಷ್ಟು ಸಣ್ಣ ತೂತುಗಳಿವೆ. ಹೊರಗಿನ ಗಾಳಿಯ ಒತ್ತಡ ಆ ತೂತಿನಿಂದ ಒಳಗೆ ಬಂದ್ರೇನೇ ನಾವು ಎಷ್ಟು ಎತ್ತರದಲ್ಲಿದ್ದೀವಿ, ಎಷ್ಟು ಸ್ಪೀಡಲ್ಲಿದ್ದೀವಿ ಅಂತ ಪೈಲಟ್‌ಗೆ ಗೊತ್ತಾಗೋದು. ಅದು ಮುಚ್ಚಿಹೋದ್ರೆ ವಿಮಾನ ಮೇಲೆ ಹೋಗ್ತಿದ್ರೂ ಮೀಟರು ಇನ್ನೂ ನೆಲದ ಮೇಲೇ ಇದ್ದೀವಿ ಅನ್ನುತ್ತೆ. ಸ್ಪೀಡೂ ಸುಳ್ಳು ತೋರಿಸುತ್ತೆ. ಬೇರೆ ದೇಶದಲ್ಲಿ ಒಂದ್ಸಲ ವಿಮಾನ ತೊಳೆಯುವಾಗ ಆ ತೂತುಗಳಿಗೆ ಟೇಪ್ ಅಂಟಿಸಿ ತೆಗೆಯೋದು ಮರೆತ್ರು. ಅದು ಸಮುದ್ರಕ್ಕೆ ಬಿತ್ತು.”

“ಒಳಗಿದ್ದೋರು?”

“ಯಾರೂ ಉಳೀಲಿಲ್ಲ.”

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನ್ನ ತಲೆಗೆ ಬಂದದ್ದು ಸಮುದ್ರವಲ್ಲ, ಯಜಮಾನರ ಕೆಲಸ. ಇವಳು ಬಾಯಿ ಬಿಟ್ಟರೆ ಬೊಟ್ಟಿಟ್ಟವರು ಯಾರು ಎಂದು ಕೇಳುತ್ತಾರೆ. ಗುತ್ತಿಗೆ ಕೆಲಸ, ಹಬ್ಬದ ದಿನವೇ ಕತ್ತು ಹಿಡಿದು ಹೊರಗೆ ದಬ್ಬುತ್ತಾರೆ. ಇವಳ ಪರೀಕ್ಷೆಯೂ ಮಣ್ಣುಪಾಲು. ಇಷ್ಟೆಲ್ಲ ಲೆಕ್ಕ ಹಾಕಿ ನಾನು ಅವಳ ತೋಳು ಹಿಡಿದು, “ಅವ್ರು ನೋಡಿರ್ತಾರೆ ಸುಮ್ಕಿರು ಮಗಾ” ಎಂದೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು, ರೆಕ್ಕೆಯ ಫ್ಯಾನು ತಿರುಗತೊಡಗಿತು.

ವಿಮಾನ ಹೊರಟಿತು. ಇಲ್ಲಿಯ ರನ್‌ವೇ ಚಿಕ್ಕದು, ತುದಿಯವರೆಗೆ ನಿಧಾನವಾಗಿ ಹೋಗಿ ತಿರುಗಿಕೊಂಡು ಆಮೇಲೆ ಓಡಬೇಕು. ಕಿಟಕಿಯಲ್ಲಿ ಚಾಮುಂಡಿ ಬೆಟ್ಟದ ನೆತ್ತಿ ಕಾಣುತ್ತಿರಲಿಲ್ಲ, ಕಪ್ಪು ಮೋಡ ಮುಚ್ಚಿತ್ತು. ಪ್ರೀತಿ ಆ ಮೋಡ ನೋಡಿದಳು. ತಲೆಯ ಮೇಲಿನ ಗುಂಡಿಯ ಕಡೆ ಕೈ ಎತ್ತಿ ಮತ್ತೆ ಇಳಿಸಿದಳು. ಇಷ್ಟು ವರ್ಷದಲ್ಲಿ ಆ ಹುಡುಗಿ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಹೆದರಿದ್ದು ಸಾವಿಗೋ, ಮಾತಾಡುವುದಕ್ಕೋ, ನನಗೆ ತಿಳಿಯಲಿಲ್ಲ. ತಟ್ಟನೆ ನನ್ನ ಕೈ ಬಿಡಿಸಿಕೊಂಡು ಆ ಗುಂಡಿ ಒತ್ತಿಯೇಬಿಟ್ಟಳು.

ಗಗನಸಖಿ ಬಂದಳು. ಎದೆಯ ಮೇಲಿನ ಪಟ್ಟಿಯಲ್ಲಿ ಮಂಜುಶ್ರೀ ಎಂದಿತ್ತು.

“ಕ್ಯಾಪ್ಟನ್‌ಗೆ ಈಗಲೇ ಒಂದು ವಿಷಯ ಹೇಳಬೇಕು. ಎಡಗಡೆಯ ಸ್ಟ್ಯಾಟಿಕ್ ಪೋರ್ಟ್ ಮೇಲೆ ಪೂಜೆಯ ಅರಿಶಿನ ಮೆತ್ತಿದೆ. ಬಹುಶಃ ಬಲಗಡೆಯೂ ಇರಬಹುದು” ಎಂದಳು ಪ್ರೀತಿ.

“ಮೇಡಂ, ಈಗ ಕಾಕ್‌ಪಿಟ್‌ಗೆ ಫೋನ್ ಮಾಡೋ ಹಾಗಿಲ್ಲ, ನಿಮಗೇ ಗೊತ್ತಲ್ಲ. ಟೇಕಾಫ್ ಆದ ಮೇಲೆ ಹೇಳ್ತೀನಿ.”

“ಟೇಕಾಫ್ ಆದ ಮೇಲೆ ಹೇಳಿ ಪ್ರಯೋಜನ ಇಲ್ಲ. ಸುರಕ್ಷತೆಯ ವಿಷಯಕ್ಕೆ ಯಾವಾಗ ಬೇಕಾದ್ರೂ ಮಾಡಬಹುದು. ಇದು ಅದೇ. ದಯವಿಟ್ಟು ಮಾಡಿ.”

ಆ ಹುಡುಗಿ ವಿಜಯ್‌ಕುಮಾರನ ಮುಖ ನೋಡಿದಳು. ಅವನು ಎದುರು ಸೀಟಿನ ಹಿಂಭಾಗವನ್ನೇ ನೋಡುತ್ತ ಕೂತಿದ್ದ. ಹಿಂದಿನ ಸೀಟಿನ ಗಂಡಸೊಬ್ಬ ಎದ್ದು, “ಪೂಜೆ ಮಾಡಿರೋ ವಿಮಾನಕ್ಕೆ ಏನಮ್ಮಾ ಆಗೋದು? ಒಳ್ಳೇ ದಿವ್ಸ ಅಪಶಕುನ ನುಡೀಬೇಡಿ” ಎಂದ. ಇನ್ನೊಬ್ಬರು, ಇಂಥವರಿಂದಲೇ ವಿಮಾನ ತಡ ಆಗುವುದು ಎಂದರು. ಎಲ್ಲರ ಕಣ್ಣೂ ನಮ್ಮ ಮೇಲೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪ್ರೀತಿ ಬೆಲ್ಟು ಬಿಚ್ಚಿ ಎದ್ದು ನಿಂತಳು. “ನೀವು ಮಾಡ್ದೇ ಇದ್ರೆ ನಾನು ಕೂರೋದಿಲ್ಲ” ಎಂದಳು. ಪ್ರಯಾಣಿಕರು ಎದ್ದು ನಿಂತರೆ ವಿಮಾನ ಹಾರುವಂತಿಲ್ಲವಂತೆ. ಮಂಜುಶ್ರೀ ಮುಂದಕ್ಕೆ ಓಡಿ ಗೋಡೆಯ ಫೋನ್ ಎತ್ತಿಕೊಂಡಳು. ವಿಮಾನ ಆಗಲೇ ರನ್‌ವೇ ತುದಿಯಲ್ಲಿ ಅರ್ಧ ತಿರುಗಿತ್ತು. ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಂದ ದಾರಿಯಲ್ಲೇ ವಾಪಸು ಹೊರಟಿತು.

ನಮ್ಮನ್ನೆಲ್ಲ ಕೆಳಗಿಳಿಸಿದರು. ಪ್ರೀತಿ, ವಿಜಯ್‌ಕುಮಾರ್ ವಿಮಾನದ ಹತ್ತಿರವೇ ಉಳಿದರು. ಅವಳ ಜೊತೆ ಬಂದವಳೆಂದು ಹೇಳಿ ನಾನೂ ಒಂದು ಬದಿಗೆ ನಿಂತೆ. ಯಾರೂ ಓಡಿಸಲಿಲ್ಲ, ಓಡಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇಂಜಿನಿಯರ್ ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಆ ಬೊಟ್ಟು ಒರೆಸಿದ. ಬರಲಿಲ್ಲ. ಉಜ್ಜಿದ. ಮೇಲಿನ ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ. ಬಿಸಿಲಿಗೆ ಒಣಗಿ ಗೋಡೆಗೆ ಮೆತ್ತಿದ ಗಾರೆಯಾಗಿತ್ತು. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದಾಗ ಹಕ್ಕಳೆಯಾಗಿ ಎದ್ದು ಬಂತು. ಕೆಳಗೆ ಬಿಲ್ಲೆ ಕಾಣಿಸಿತು. ಅದರ ಒಂದು ತೂತೂ ತೆರೆದಿರಲಿಲ್ಲ, ಒಂದೊಂದರಲ್ಲೂ ಹಳದಿ ಗಟ್ಟಿಯಾಗಿ ಕೂತಿತ್ತು.

ಇಂಜಿನಿಯರ್ ಏಣಿ ಎತ್ತಿಕೊಂಡು ಬಲಗಡೆಗೆ ಓಡಿದ. “ಸರ್, ಈ ಕಡೇನೂ ಹಂಗೇ ಇದೆ! ಎರಡೂ ಕಡೆ!” ಎಂದು ಅಲ್ಲಿಂದಲೇ ಕೂಗಿದ.

ನಾನು ಅಲ್ಲೇ ಸಾಮಾನಿನ ಗಾಡಿಯ ಮೇಲೆ ಕೂತುಬಿಟ್ಟೆ. ಒಳಗಿದ್ದ ಅಷ್ಟು ಜನ, ತೊಡೆಯ ಮೇಲೆ ಮಗು ಕೂರಿಸಿಕೊಂಡಿದ್ದ ಆ ಹೆಂಗಸು, ಅಪಶಕುನ ಎಂದ ಆ ಗಂಡಸು, ನಾನು, ನಮ್ಮ ಪ್ರೀತಿ. ಎಲ್ಲರೂ ಕೈಮುಗಿದು ಹತ್ತಿದೆವಲ್ಲ. ಮುಚ್ಚಿದ ಮೂಗಿಗೇ ಕೈಮುಗಿದೆವಲ್ಲ.

ಕ್ಯಾಪ್ಟನ್ ಲಕ್ಷ್ಮೀನರಸಿಂಹ ಕೆಳಗಿಳಿದು ಬಂದರು. ತಲೆ ನರೆತ, ಎತ್ತರದ ಮನುಷ್ಯ. ಗುಡುಗುತ್ತಾರೆ ಎಂದುಕೊಂಡೆ. ಅವರು ಆ ಬಿಲ್ಲೆಯನ್ನು ನೋಡಿದರು, ಬೆಟ್ಟದ ಮೇಲಿನ ಮೋಡವನ್ನು ನೋಡಿದರು. ಬೆವರು ಕೆನ್ನೆಯ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ನಾನು ಸುತ್ತು ಹಾಕಿ ಮೇಲೆ ಹೋಗಿ ಕೂತೆ. ಆಮೇಲೆ ಪೂಜೆ ಮಾಡಿ ಕಡ್ಲೆಪುರಿ ತಂದುಕೊಟ್ರು. ತಗೊಂಡು ಕಣ್ಣಿಗೊತ್ತಿಕೊಂಡೆ. ಬೊಟ್ಟು ಎಲ್ಲಿಟ್ರಿ ಅಂತ ಕೇಳ್ಲಿಲ್ಲ ನೋಡಮ್ಮ” ಎಂದರು ಪ್ರೀತಿಗೆ. “ಹತ್ತುವಾಗಲೇ ನೋಡಿದ್ಯಾ?”

“ನೋಡಿದೆ ಸರ್.”

“ಹತ್ತುವಾಗಲೇ ಯಾಕೆ ಹೇಳ್ಲಿಲ್ಲ?”

ಆಗ ವಿಜಯ್‌ಕುಮಾರ್ ಒಂದು ಹೆಜ್ಜೆ ಮುಂದೆ ಬಂದು, “ಸರ್, ನಾನೂ ನೋಡಿದ್ದೆ” ಎಂದ.

“ನೋಡಿ?”

“ಸುಮ್ನಾದೆ ಸರ್.” ಅಷ್ಟು ಹೇಳಿ ಅವನು ಚಕ್ರದ ಪಕ್ಕ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕ್ಯಾಪ್ಟನ್ ಅವನಿಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಅತ್ತ ಅಧಿಕಾರಿಗಳಿಬ್ಬರು ನನ್ನ ಯಜಮಾನರ ಕೊರಳಿನಿಂದ ಗುರುತಿನ ಚೀಟಿ ಬಿಚ್ಚಿಕೊಳ್ಳುತ್ತಿದ್ದರು. ಇವರು ಕುರಿಯ ಹಾಗೆ ಕತ್ತು ಬಗ್ಗಿಸಿ ನಿಂತಿದ್ದರು. ಏನು ತಪ್ಪಾಯಿತು ಎಂಬುದೇ ಅವರಿಗೆ ತಿಳಿದಿರಲಿಲ್ಲ. ಪ್ರೀತಿಯನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು.

ಚಾರ್ಮಿನಾರ್ ಅಲ್ಲಿಗೇ ಮುಗಿಯಿತು. ನಾವಿಬ್ಬರೂ ಯಜಮಾನರನ್ನು ಕರೆದುಕೊಂಡು ಆಟೋದಲ್ಲಿ ಮನೆಗೆ ಬಂದೆವು. ಮರುದಿನ ವಿಚಾರಣೆಗೆ ಅವಳೂ ಇರಬೇಕೆಂದು ಹೇಳಿದ್ದರು. ರಸ್ತೆಯಲ್ಲಿ ಪ್ರತಿ ಗಾಡಿಗೂ ಬಾಳೆಕಂದು, ಹಾರ, ಬೊಟ್ಟು. ನೋಡಲಾಗದೆ ನಾನು ಕಣ್ಣು ಮುಚ್ಚಿಕೊಂಡೆ.

ಮನೆಯಲ್ಲಿ ಜಗಲಿಯ ಮೇಲೆ ಕೂತ ಮೇಲೆ ಇವರು ಬಾಯಿ ಬಿಟ್ಟರು.

“ಒಂದ್ ಮಾತು ನನ್ಗೆ ಹೇಳಿದ್ರೆ ನಾನೇ ಒರುಸ್ತಿದ್ನಲ್ಲ ಕೂಸು. ಅಷ್ಟ್ ಜನ್ರ ಮುಂದೆ ನಿಮ್ಮಾವನ್ ಮಾನ ಕಳ್ದ್‌ಬುಟ್ಟೆ. ದೇವ್ರಿಗೆ ಇಟ್ಟ ಬೊಟ್ಟು ಅದು. ಅದ್ರಿಂದ ಯಾರ್ಗೆ ಏನಾಯ್ತಿತ್ತು?”

ನನಗೆ ರೇಗಿತು. ನಾನೇ ಶುರು ಮಾಡುವವಳಿದ್ದೆ, ಪ್ರೀತಿ ತಡೆದಳು. ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದಳು. ತೂತು ಯಾಕಿದೆ, ಮುಚ್ಚಿದರೆ ಏನಾಗುತ್ತದೆ, ಮೋಡದೊಳಗೆ ಹೋದ ಮೇಲೆ ಪೈಲಟ್ಟಿಗೆ ನೆಲ ಯಾವುದು ಬಾನು ಯಾವುದು ತಿಳಿಯದೆ ಮೀಟರನ್ನೇ ನಂಬಿ ಹೇಗೆ ಕೂತಿರುತ್ತಾನೆ. ಇವರು ಕೇಳುತ್ತ ಕೇಳುತ್ತ ಕಲ್ಲಾದರು.

“ಎಲ್ಲಾರೂ ಹೋಯ್ತಿದ್ರಾ?”

“ಹೇಳಕ್ಕಾಗಲ್ಲ ಮಾವ. ಹೋಗಿರಬಹುದಿತ್ತು.”

“ನೀನೂ ಒಳ್ಗೇ ಇದ್ದಲ್ಲ. ಇವಳೂ ಇದ್ಲಲ್ಲ.” ತಮ್ಮ ಬಲಗೈ ಎತ್ತಿ ನೋಡಿಕೊಂಡರು. ಉಂಗುರದ ಬೆರಳಿನ ಉಗುರಲ್ಲಿ ಅರಿಶಿನ ಇನ್ನೂ ಇತ್ತು. ಇನ್ನೊಂದು ಕೈಯ ಉಗುರಿನಿಂದ ಅದನ್ನು ಕೆರೆಯತೊಡಗಿದರು. ರಕ್ತ ಬರುವ ಹಾಗೆ ಕೆರೆದರು. ನಾನು ಕೈ ಹಿಡಿದುಕೊಂಡೆ. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡವಳಲ್ಲ, ಅವತ್ತು ಮಗುವಿನ ಹಾಗೆ ಅತ್ತರು.

ಅಳು ನಿಂತ ಮೇಲೆ ಅವರಾಗಿಯೇ ಹೇಳಿದರು:

“ಅಂಟು ಹಾಕಿ ಕಲ್ಸಿದ್ದೇ ತಪ್ಪಾಗೋಯ್ತು. ಹೋದ್ ವರ್ಸ ಬರೀ ಕುಂಕುಮದ ಪುಡಿ ಇಟ್ಟಿದ್ದೆ. ಗುಂಡುಗೆ ಹೊಳೀತಾ ಅದೆ, ಬೊಟ್ಟಿಡಕೆ ಅಂತ್ಲೇ ಮಾಡಿರೋ ಜಾಗ ಅನ್ಕಂಡು ಅಲ್ಗೇ ಇಟ್ಟೆ. ನೀನು ಮೊದುಲ್ನೇ ಸಲ ನಮ್ಮೂರಿಂದ ಇಮಾನ ಓಡುಸ್ಕೊಂಡು ಹೋದೆಯಲ್ಲ ಕೂಸು, ಆ ಹಬ್ಬದ್ ದಿವ್ಸ. ಹೊರ್ಡೋ ಹೊತ್ಗೆ ನೋಡ್ತೀನಿ, ಬೊಟ್ಟೇ ಇಲ್ಲ! ಗಾಳಿಗೆ ಹಾರೋಗದೆ. ನಮ್ಮ ಕೂಸು ಹೋಗೋ ಇಮಾನದ್ ಬೊಟ್ಟು ಅಳ್ಸೋಯ್ತಲ್ಲಪ್ಪ, ಏನ್ ಕೇಡು ಕಾದದ್ಯೋ ಅಂತ ವರ್ಸೆಲ್ಲ ನನ್ಗೆ ಅದೇ ಕೊರ್ಗು. ಈ ಸಲ ಏನಾದ್ರೂ ಸರಿ ಹೋಗ್ಕೂಡ್ದು ಅಂತ ಮೈದಾ ಅಂಟು ಕಾಯ್ಸಿ ಕಲ್ಸಿದೆ. ಸುತ್ತು ಹಾಕೋರ ಕೈ ತಾಗೀತು ಅಂತ ಅವ್ರು ಬಂದೋಗ ಗಂಟ ಕಾದಿದ್ದು ಇಟ್ಟೆ. ಎರಡ್ ಕಡೆನೂವೆ.”

ಪ್ರೀತಿ ಎದ್ದು ನಿಂತಳು. ನಿಂತವಳು ಗೋಡೆ ಹಿಡಿದುಕೊಂಡಳು. ವಿಮಾನದ ಹತ್ತಿರ ಬಿಳಿಚಿಕೊಂಡದ್ದಕ್ಕಿಂತಲೂ ಈಗ ಅವಳ ಮುಖ ಕೆಟ್ಟಿತ್ತು.

“ಅದು ಗಾಳಿಗೆ ಹೋಗ್ಲಿಲ್ಲ ಮಾವ” ಎಂದಳು.

“ಮತ್ತೆ?”

“ನಾನೇ ಒರೆಸಿದ್ದು. ಸುತ್ತು ಹಾಕುವಾಗ ನೋಡ್ದೆ. ನೀವು ಅಷ್ಟು ದೂರದಲ್ಲಿ ನಿಂತ್ಕೊಂಡು ನನ್ನನ್ನೇ ನೋಡ್ತಾ ನಗ್ತಿದ್ರಿ. ನೀವು ಆ ಕಡೆ ತಿರುಗೋವರೆಗೂ ಕಾದು, ಕರ್ಚೀಫ್ ತೆಗೆದು ಒರೆಸಿಬಿಟ್ಟೆ. ಯಾರಿಗೂ ಹೇಳ್ಲಿಲ್ಲ.”

ಒಂದು ವರ್ಷ! ಈ ಹುಡುಗಿ ಅದೇ ಮಾವನ ಜೊತೆ ಅದೇ ಮನೆಯಲ್ಲಿ ಕೂತು ಉಂಡಿದ್ದಾಳೆ, ಮಾತಾಡಿದ್ದಾಳೆ, ನಕ್ಕಿದ್ದಾಳೆ. ಇವರು ಒಳಗೊಳಗೇ ಹೆದರಿ ಗಟ್ಟಿ ಬೊಟ್ಟಿನ ಉಪಾಯ ಹುಡುಕುತ್ತಿದ್ದರು. ಒಬ್ಬರಿಗೊಬ್ಬರ ಮೇಲೆ ಪ್ರಾಣ ಇಟ್ಟುಕೊಂಡವರೇ ಇಬ್ಬರೂ.

ಯಜಮಾನರು ಅವಳ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಒರುಸ್‌ಬುಟ್ಟು ಆವತ್ತೇ ಒಂದ್ ಮಾತು, ಮಾವ ಅಲ್ಗೆ ಇಡ್ಬ್ಯಾಡಿ ಅಂದಿದ್ರೆ, ನಾನು ಈವತ್ತು ಇಡ್ತಿದ್ನಾ ಕೂಸು?”

“ಇಡ್ತಿರ್ಲಿಲ್ಲ ಮಾವ” ಎಂದಳು ಪ್ರೀತಿ. “ನಾಳೆ ವಿಚಾರಣೆಲಿ ಅವ್ರು ಕೇಳಿದಾಗ ಮೊದ್ಲು ಅದನ್ನೇ ಹೇಳ್ತೀನಿ.”